ನಮ್ಮೂರ ಹಂಚಿನ ಮನೆಯನ್ನು ಜಿಂಜರ್‌ಬ್ರೆಡ್‌ನಲ್ಲಿ ಕಟ್ಟುವುದು ಹೇಗೆ?

ಪ್ರಶ್ನೆ: ನಾನು ಕಾರವಾರದ ಕೋಡಿಬಾಗದವಳು. ಮನೆಯಲ್ಲೇ ಕೇಕು, ಬಿಸ್ಕತ್ತು ಮಾಡಿ ಮಾರುತ್ತೇನೆ. ಕಳೆದ ಕ್ರಿಸ್‌ಮಸ್‌ಗೆ ವಠಾರದ ಮಕ್ಕಳನ್ನು ಸೇರಿಸಿಕೊಂಡು, ಶುಂಠಿ ಮಸಾಲೆಯ ಗಟ್ಟಿ ಬಿಸ್ಕತ್ತಿನ ಹಲಗೆಗಳಿಂದ ಜಿಂಜರ್‌ಬ್ರೆಡ್ ಮನೆ ಕಟ್ಟಿದ್ದೆವು. ಮರುದಿನ ಬೆಳಿಗ್ಗೆ ನೋಡಿದರೆ ಬಿಸ್ಕತ್ತು ಮೆತ್ತಗಾಗಿ ಮಾಡು ನಡುವೆ ಬಾಗಿತ್ತು, ಸಂಜೆಯೊಳಗೆ ಕುಸಿಯಿತು. ಈ ಸಲ ವಿದೇಶಿ ಮನೆಯ ಬದಲು ನಮ್ಮ ಜಿಲ್ಲೆಯ ಕಟ್ಟಡಗಳ ಮಾದರಿಯಲ್ಲಿ ಕಟ್ಟುವ ಆಸೆ. ಹಂಚಿನ ಮನೆ, ಗೋವಾ ಕಡೆಯ ಮನೆ, ದೇವಸ್ಥಾನ, ಕೋಟೆ ಎಲ್ಲವೂ ತಲೆಯಲ್ಲಿವೆ. ಯಾವುದನ್ನು ಆರಿಸಲಿ? ಮೊಟ್ಟೆ ಹಾಕದೆ ಆಗುತ್ತದೆಯೇ? ನನ್ನ ಬಳಿ ಇರುವುದು 28 ಲೀಟರಿನ ಒಟಿಜಿ (ಮೇಜಿನ ಮೇಲಿಡುವ ಸಣ್ಣ ಓವನ್). ಗಿರಾಕಿಗಳಿಗೂ ಮಾರಬಹುದೇ?

ಉತ್ತರ:

ಶೈಲಿಯ ಮಾತಿಗಿಂತ ಮೊದಲು ಕುಸಿದ ಮಾಡಿನ ವಿಚಾರ ಮುಗಿಸೋಣ. ನೀವು ಹೇಳಿದ ಲಕ್ಷಣ ನೋಡಿದರೆ ಅದು ಕಟ್ಟಿದವರ ಕೈಯ ದೋಷವಲ್ಲ, ಗಾಳಿಯ ತೇವದ್ದು. ಸಕ್ಕರೆ, ಬೆಲ್ಲ, ಜೇನು ಇವೆಲ್ಲ ಗಾಳಿಯಲ್ಲಿರುವ ನೀರನ್ನು ಎಳೆದುಕೊಳ್ಳುತ್ತವೆ. ಕಡಲ ದಂಡೆಯಲ್ಲಿ ಡಿಸೆಂಬರಿನಲ್ಲೂ ರಾತ್ರಿಯ ಗಾಳಿ ಒಣಗಿರುವುದಿಲ್ಲ. ಯುರೋಪಿನ ರೆಸಿಪಿಗಳು ಚಳಿಗಾಲದಲ್ಲಿ ಹೀಟರ್ ಹಾಕಿ ಒಣಗಿಸಿದ ಕೋಣೆಗಳಿಗೆ ಬರೆದಂಥವು. ಅವುಗಳಲ್ಲಿ ಮೊಲಾಸಿಸ್ (ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಕಾಕಂಬಿ), ಜೇನು ಧಾರಾಳ. ನಮ್ಮಲ್ಲಿ ಅದೇ ಅಳತೆ ಹಿಡಿದರೆ ಬಿಸ್ಕತ್ತು ಒಂದು ರಾತ್ರಿಗೇ ತಣ್ಣಗೆ ಮೆತ್ತಗಾಗುತ್ತದೆ.

ಹಾಗೆಂದು ತೇವದ ಊರಿನಲ್ಲಿ ಇದು ಆಗದ ಕೆಲಸ ಎಂದುಕೊಳ್ಳಬೇಡಿ. ನಾರ್ವೆಯ ಬರ್ಗನ್ ನಮ್ಮ ಹಾಗೆಯೇ ಕಡಲ ದಂಡೆಯ, ಸದಾ ಮಳೆ ಸುರಿಯುವ ಊರು. ಅಲ್ಲಿ 1991ರಿಂದ ಪ್ರತಿವರ್ಷ ಮಕ್ಕಳು, ಶಾಲೆಗಳು, ಮನೆಮಂದಿ ಸೇರಿ ಜಿಂಜರ್‌ಬ್ರೆಡ್‌ನಲ್ಲಿ ಇಡೀ ಒಂದು ಪಟ್ಟಣವನ್ನೇ ಕಟ್ಟುತ್ತಾರೆ.

ಹಿಟ್ಟಿನಿಂದ ಶುರು ಮಾಡುತ್ತೇನೆ. ತಿನ್ನುವ ಜಿಂಜರ್‌ಬ್ರೆಡ್ ಬೇರೆ, ಕಟ್ಟುವ ಜಿಂಜರ್‌ಬ್ರೆಡ್ ಬೇರೆ. ಕಟ್ಟುವುದಕ್ಕೆ ಅಡುಗೆ ಸೋಡ, ಬೇಕಿಂಗ್ ಪೌಡರ್ ಎರಡೂ ಬೇಡ. ಉಬ್ಬಿದ ಗೋಡೆಯ ಅಂಚು ಒಂದಕ್ಕೊಂದು ಕೂಡುವುದಿಲ್ಲ. ಒಂದು ಮನೆಗೆ 1 ಕಿಲೋ ಮೈದಾ, 400 ಗ್ರಾಂ ಬೆಲ್ಲ, 200 ಗ್ರಾಂ ಬೆಣ್ಣೆ, ಸುಮಾರು 200 ಮಿ.ಲೀ. ನೀರು, ಎರಡು ದೊಡ್ಡ ಚಮಚ ಶುಂಠಿಪುಡಿ, ಒಂದು ದೊಡ್ಡ ಚಮಚ ದಾಲ್ಚಿನ್ನಿ ಪುಡಿ, ಒಂದು ಸಣ್ಣ ಚಮಚ ಕಾಳುಮೆಣಸಿನ ಪುಡಿ, ಅರ್ಧ ಸಣ್ಣ ಚಮಚ ಲವಂಗದ ಪುಡಿ, ಒಂದು ಸಣ್ಣ ಚಮಚ ಉಪ್ಪು. ಬೆಲ್ಲವನ್ನು ನೀರಿನಲ್ಲಿ ಕರಗಿಸಿ ಸೋಸಿ, ಬಿಸಿಯಿರುವಾಗಲೇ ಬೆಣ್ಣೆ ಹಾಕಿ, ಉಗುರು ಬೆಚ್ಚಗಾದ ಮೇಲೆ ಮೈದಾಕ್ಕೆ ಸೇರಿಸಿ ಗಟ್ಟಿಯಾಗಿ ನಾದಿ. ಬೆಲ್ಲದ ನೀರನ್ನು ಒಮ್ಮೆಗೇ ಸುರಿಯಬೇಡಿ, ಮೈದಾ ಕೇಳಿದಷ್ಟೇ ಕೊಡಿ. ನಾದಿದ್ದನ್ನು ಮುಚ್ಚಿ ಎರಡು ಗಂಟೆ ಬಿಡಬೇಕು.

ಬೆಲ್ಲದ ವಿಷಯದಲ್ಲಿ ಒಂದು ಮಾತು. ಘಟ್ಟದ ಮೇಲಿನ ನಮಗೆ ಜೋನಿ ಬೆಲ್ಲದ ಮೇಲೆ ಬಲು ಪ್ರೀತಿ. ಮೊಲಾಸಿಸ್‌ಗೆ ಬದಲಿಯಾಗಿ ಅದರ ಘಮಕ್ಕೆ, ಬಣ್ಣಕ್ಕೆ ಸಾಟಿ ಇನ್ನೊಂದಿಲ್ಲ. ತಿನ್ನುವ ಬಿಸ್ಕತ್ತಿಗೆ ಕಣ್ಣು ಮುಚ್ಚಿ ಹಾಕಿ. ಗೋಡೆಗೆ, ಮಾಡಿಗೆ ಹಾಕಬೇಡಿ. ಅದು ಹರಳುಗಟ್ಟದೆ ದ್ರವವಾಗಿ ಉಳಿಯುವ ಬೆಲ್ಲ, ತೇವವನ್ನು ಬಿಡುವುದೇ ಇಲ್ಲ. ಕಟ್ಟಡಕ್ಕೆ ಗಟ್ಟಿಯಾದ ಅಚ್ಚುಬೆಲ್ಲವೇ ಸರಿ.

ಲಟ್ಟಿಸುವಾಗ ಬೇಕಿಂಗ್ ಪೇಪರಿನ ಮೇಲೆಯೇ ಲಟ್ಟಿಸಿ, ರಟ್ಟಿನ ಅಚ್ಚಿಟ್ಟು ಅಲ್ಲೇ ಕತ್ತರಿಸಿ. ತುಂಡನ್ನು ಎತ್ತಬೇಡಿ, ಸುತ್ತಲಿನ ಹಿಟ್ಟನ್ನು ತೆಗೆಯಿರಿ. ಎತ್ತಿದರೆ ಚೌಕ ಜಗ್ಗಿ ಓರೆಯಾಗುತ್ತದೆ. ಗೋಡೆಗೆ 6 ಮಿ.ಮೀ. ದಪ್ಪ, ಮಾಡಿಗೆ 4 ಮಿ.ಮೀ. ಸಾಕು. 165 ಡಿಗ್ರಿಯಲ್ಲಿ 18ರಿಂದ 22 ನಿಮಿಷ. ಹೊರತೆಗೆದ ಕೂಡಲೇ, ಇನ್ನೂ ಬಿಸಿಯಿರುವಾಗ, ಮತ್ತೆ ಅಚ್ಚಿಟ್ಟು ಅಂಚನ್ನು ನೇರ ಮಾಡಿ. ತಣಿದ ಮೇಲೆ ಕತ್ತರಿಸಿದರೆ ಒಡೆಯುತ್ತದೆ. ಕಟ್ಟುವ ದಿನ ಎಲ್ಲ ಹಲಗೆಗಳನ್ನೂ 100 ಡಿಗ್ರಿಯಲ್ಲಿ ಅರ್ಧ ಮುಕ್ಕಾಲು ಗಂಟೆ ಇಟ್ಟು ಪುನಃ ಒಣಗಿಸಿ. ತಣಿದ ಹಲಗೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಟಕ್ ಎಂದು ಒಣ ಸದ್ದು ಬಂದರೆ ಕಟ್ಟಬಹುದು, ದಬ್ ಎಂದರೆ ಮತ್ತೆ ಓವನ್ನಿಗೆ. ಆಮೇಲೆ ಗೋಡೆಯ ಒಳಮೈಗೂ ಮಾಡಿನ ಕೆಳಮೈಗೂ ಕರಗಿಸಿದ ಬಿಳಿ ಕಾಂಪೌಂಡ್ ಚಾಕೊಲೇಟನ್ನು ಬ್ರಷ್ಷಿನಿಂದ ತೆಳ್ಳಗೆ ಬಳಿಯಿರಿ. ಆ ಕೊಬ್ಬಿನ ಪದರ ತೇವವನ್ನು ತಡೆಯುತ್ತದೆ. ಕರಾವಳಿಯಲ್ಲಿ ಕಟ್ಟುವವರು ಈ ಕೆಲಸವನ್ನು ಬಿಡಲೇಬಾರದು.

ಈಗ ಶೈಲಿ. ಯಾವ ಶೈಲಿ ಎಂದು ಕೇಳಿದವರಿಗೆಲ್ಲ ನಾನು ಹೇಳುವುದು ಇಷ್ಟು: ಬಿಸ್ಕತ್ತು ಎಂದರೆ ಹಲಗೆ. ಮೂಲ ಕಟ್ಟಡವೇ ಹಲಗೆಗಳಿಂದ, ಚಪ್ಪಡಿಗಳಿಂದ ಆಗಿದ್ದರೆ ಬಿಸ್ಕತ್ತು ಅದನ್ನು ಸಲೀಸಾಗಿ ಹೇಳುತ್ತದೆ. ಮೂಲದಲ್ಲಿ ಬಾಗು, ಗುಂಡು, ಮೂರ್ತಿ ಹೆಚ್ಚಿದ್ದರೆ ಬಿಸ್ಕತ್ತಿನೊಡನೆ ಗುದ್ದಾಡಬೇಕಾಗುತ್ತದೆ. ಗೋಪುರ, ವಿಮಾನಗಳನ್ನು ಮೊದಲ ವರ್ಷ ಮುಟ್ಟಬೇಡಿ. ಇನ್ನೊಂದು, ದೂರದಿಂದ ನೋಡಿದವರಿಗೆ ಇದು ಯಾವ ಸೀಮೆಯ ಮನೆ ಎಂದು ತಿಳಿಸುವುದು ಮಾಡು, ಅದರ ಚಾಚು, ಬಾಗಿಲು ಕಿಟಕಿಯ ತೆರವು. ಇವು ಮೂರು ಸರಿಯಾದರೆ ಮೇಲೆ ಒಂದೇ ಒಂದು ಮಿಠಾಯಿ ಅಂಟಿಸದಿದ್ದರೂ ಗುರುತು ಸಿಗುತ್ತದೆ.

ಹೀಗೆ ನೋಡಿದರೆ ನಿಮ್ಮ ಪಟ್ಟಿಯಲ್ಲಿ ಇಲ್ಲದ ಒಂದನ್ನು ನಾನು ಮೊದಲು ಹೇಳುತ್ತೇನೆ. ಭಟ್ಕಳದ ಕೇತಪೈ ನಾರಾಯಣ ದೇವಸ್ಥಾನ, ಅಲ್ಲಿನ ಜೈನ ಬಸದಿಗಳು. ಮಳೆನಾಡಿನ ಮರದ ಮಾಡನ್ನು ಹಾಗೆಯೇ ಕಲ್ಲಿಗೆ ಇಳಿಸಿದ ಕೆಲಸ ಅದು. ಇಳಿಜಾರಾಗಿ ಕೂರಿಸಿದ ದೊಡ್ಡ ಕಲ್ಲು ಚಪ್ಪಡಿಗಳೇ ಅಲ್ಲಿನ ಚಾವಣಿ. ನೀವು ಲಟ್ಟಿಸಿದ ಬಿಸ್ಕತ್ತೂ ಚಪ್ಪಡಿಯೇ. ಸಣ್ಣ ಹಂಚುಗಳ ರಗಳೆಯಿಲ್ಲ. ಒಂದರ ಅಂಚಿನ ಮೇಲೆ ಒಂದು ಬರುವಂತೆ ಕೆಳಗಿನಿಂದ ಮೇಲಕ್ಕೆ ಎರಡು ಸಾಲು ಹಲಗೆ ಕೂರಿಸಿದರೆ ಮುಗಿಯಿತು. ಕಲ್ಲಿನ ಜಾಲಂಧ್ರದ (ಗಾಳಿ ಬೆಳಕಿಗೆ ಸೀಳು ಬಿಟ್ಟ) ಗೋಡೆಯನ್ನು ಹಿಟ್ಟಿನಲ್ಲಿ ಉದ್ದುದ್ದ ಸೀಳು ಕೊರೆದು ಮಾಡಬಹುದು. ಬೂದು ಬಣ್ಣಕ್ಕೆ ಹಿಟ್ಟಿಗೆ ಸ್ವಲ್ಪ ಕರಿ ಕೋಕೋ ಪುಡಿ ಹಾಕಿ, ಬೆಂದ ಮೇಲೆ ಐಸಿಂಗ್ ಸಕ್ಕರೆಯನ್ನು ಒಣಬಟ್ಟೆಯಲ್ಲಿ ಉಜ್ಜಿ. ಹಳೇ ಕಲ್ಲಿನ ಮೈ ಬರುತ್ತದೆ.

ಗೇರುಸೊಪ್ಪೆಯ ಚತುರ್ಮುಖ ಬಸದಿಯೂ ಇದೇ ಕಾರಣಕ್ಕೆ ಒಳ್ಳೆಯದು. ನಾಲ್ಕು ದಿಕ್ಕಿಗೂ ಒಂದೇ ರೂಪದ ಮುಖ, ನಾಲ್ಕು ಬಾಗಿಲು. ಅಂದರೆ ಒಂದೇ ಅಚ್ಚಿನಿಂದ ನಾಲ್ಕು ಬದಿಯನ್ನೂ ಕತ್ತರಿಸಬಹುದು. ಮಕ್ಕಳಿಗೆ ಗೇರುಸೊಪ್ಪೆಯನ್ನು ಆಳಿದ ರಾಣಿ ಚೆನ್ನಭೈರಾದೇವಿಯ ಕಥೆ ಹೇಳುತ್ತಾ ಕಟ್ಟಿಸಿ. ಪೋರ್ಚುಗೀಸರು ಅವಳನ್ನು ಕಾಳುಮೆಣಸಿನ ರಾಣಿ ಎಂದೇ ಕರೆದರು. ಯುರೋಪಿನ ಈ ಮಸಾಲೆ ಬಿಸ್ಕತ್ತುಗಳಿಗೆ ಬೇಕಿದ್ದ ಮೆಣಸು, ಶುಂಠಿ, ದಾಲ್ಚಿನ್ನಿ ಹಡಗು ಹತ್ತಿದ್ದು ಮಲಬಾರಿನಂಥ, ನಮ್ಮಂಥ ದಂಡೆಗಳಿಂದಲೇ. ನೀವು ಹಿಟ್ಟಿಗೆ ಹಾಕುವ ಆ ಒಂದು ಚಮಚ ಮೆಣಸಿನ ಪುಡಿ ಶಿರಸಿ, ಸಿದ್ದಾಪುರದ ತೋಟದ್ದಾದರೆ ಮನೆ ಅರ್ಧ ನಮ್ಮದಾದ ಹಾಗೆಯೇ.

ಹಂಚಿನ ಮನೆ ಕಟ್ಟುವ ಮನಸ್ಸು ನಿಮಗೆ ಬಲವಾಗಿದೆ ಎಂದು ಪತ್ರದಿಂದ ತಿಳಿಯುತ್ತದೆ, ಆದ್ದರಿಂದ ಅದರ ಅಳತೆಯನ್ನು ಪೂರ್ತಿ ಕೊಡುತ್ತೇನೆ. ಹಂಚಿನ ಮನೆಯೂ ಒಂದು ಅರ್ಥದಲ್ಲಿ ಜರ್ಮನರ ನಂಟಿನದೇ. ಬಿಸ್ಕತ್ತಿನ ಮನೆ ಅಲ್ಲಿನ ಕ್ರಿಸ್‌ಮಸ್ ರೂಢಿ. 1812ರಲ್ಲಿ ಗ್ರಿಮ್ ಸಹೋದರರು ಪ್ರಕಟಿಸಿದ ಹ್ಯಾನ್ಸೆಲ್ ಮತ್ತು ಗ್ರೆಟೆಲ್ ಕಥೆಯ ನಂತರ ಅದು ಜನಪ್ರಿಯವಾಯಿತು. ನಮ್ಮ ಮಂಗಳೂರು ಹಂಚನ್ನು 1865ರಲ್ಲಿ ಕಾರ್ಖಾನೆಯಲ್ಲಿ ಮಾಡಲು ತೊಡಗಿದ್ದು ಬಾಸೆಲ್ ಮಿಶನ್ ಎಂಬ ಕ್ರೈಸ್ತ ಸಂಸ್ಥೆಯಲ್ಲಿದ್ದ ಜರ್ಮನಿಯ ಜಾರ್ಜ್ ಪ್ಲೆಬ್ಸ್ಟ್. ಅದಕ್ಕೆ ಮೊದಲು ಈ ಸೀಮೆಯಲ್ಲಿ ಸೋಗೆ, ಹುಲ್ಲು, ಕುಂಬಾರರ ನಾಡಹಂಚೇ ಇದ್ದವು.

ಗೋಡೆಗಳು: ಉದ್ದದವು ಎರಡು, 20 ಸೆಂ.ಮೀ. ಉದ್ದ, 9 ಸೆಂ.ಮೀ. ಎತ್ತರ. ಪಕ್ಕದವು ಎರಡು, 14 ಸೆಂ.ಮೀ. ಅಗಲ, ಅಂಚಿನಲ್ಲಿ 9 ಸೆಂ.ಮೀ. ಎತ್ತರ, ನಡುವಿನ ತುದಿ 16 ಸೆಂ.ಮೀ. ಆಗ ಮಾಡು ಸರಿಯಾಗಿ 45 ಡಿಗ್ರಿ ಇಳಿಯುತ್ತದೆ, ನಮ್ಮ ಮಳೆಗೆ ಬೇಕಾದ ಇಳಿಜಾರು. ಮಾಡಿನ ಹಲಗೆ ಎರಡೂ 24 ಸೆಂ.ಮೀ. ಉದ್ದ, ಹಿಂದಿನದರ ಅಗಲ 13 ಸೆಂ.ಮೀ., ಮುಂದಿನದು 11. ಮುಂದೆ ಚಾಚು ಕಡಿಮೆ ಇಡುವುದು ಅಲ್ಲಿ ಜಗಲಿಯ ಮಾಡು ಬರಬೇಕೆಂದು. ಜಗಲಿಗೆ 24 ಸೆಂ.ಮೀ. ಉದ್ದ, 7 ಸೆಂ.ಮೀ. ಅಗಲದ ಇನ್ನೊಂದು ಹಲಗೆ. ಅದನ್ನು ಮುಂದಿನ ಗೋಡೆಗೆ ನೆಲದಿಂದ 8 ಸೆಂ.ಮೀ. ಎತ್ತರದಲ್ಲಿ ತಾಗಿಸಿ, ಮುಂಭಾಗವನ್ನು ಐದೂವರೆ ಸೆಂ.ಮೀ. ಎತ್ತರದ ಕಂಬಗಳ ಮೇಲೆ ಕೂರಿಸಿ. ಕಂಬಕ್ಕೆ ಸುರುಳಿ ದಾಲ್ಚಿನ್ನಿಯಷ್ಟು ಒಪ್ಪುವ ವಸ್ತು ಬೇರೆ ಇಲ್ಲ. ಬಣ್ಣವೂ ಮರದ್ದೇ, ಭಾರವನ್ನೂ ಹೊರುತ್ತದೆ. ಕೆಳಗೆ ಒಂದೂವರೆ ಸೆಂ.ಮೀ. ಎತ್ತರದ ಪಂಚಾಂಗ, ಅಂದರೆ ಮನೆ ನಿಲ್ಲುವ ಅಡಿಗಟ್ಟು ಬೇಕು. ಎರಡು ದಪ್ಪ ಬಿಸ್ಕತ್ತಿನ ಹಲಗೆಯನ್ನು ಒಂದರ ಮೇಲೊಂದು ಅಂಟಿಸಿ. ಪಂಚಾಂಗವಿಲ್ಲದೆ ನೆಲಕ್ಕೆ ಅಂಟಿದ ಹಂಚಿನ ಮನೆ ನಮ್ಮ ಕಣ್ಣಿಗೆ ಮನೆಯಂತೆ ಕಾಣುವುದೇ ಇಲ್ಲ.

ಎಲ್ಲವನ್ನೂ ಮೊದಲು ರಟ್ಟಿನಲ್ಲಿ ಕತ್ತರಿಸಿ ಟೇಪು ಹಚ್ಚಿ ನಿಲ್ಲಿಸಿ ನೋಡಿ, ಆಮೇಲೆ ಹಿಟ್ಟಿಗೆ ಕೈ ಹಾಕಿ. ಒಟಿಜಿಯಲ್ಲಿ ಒಮ್ಮೆಗೆ ಒಂದು ಮಾಡಿನ ಹಲಗೆ ಅಥವಾ ಒಂದೆರಡು ಗೋಡೆ ಹಿಡಿಸಬಹುದು. ನಿಮ್ಮ ತಟ್ಟೆಗೆ 24 ಸೆಂ.ಮೀ. ಹಿಡಿಯದಿದ್ದರೆ ಎಲ್ಲ ಅಳತೆಯನ್ನೂ ಮುಕ್ಕಾಲಿಗೆ ಇಳಿಸಿ. ಒಂದನ್ನು ಮಾತ್ರ ಚಿಕ್ಕದು ಮಾಡಿದರೆ ಕೂಡುವುದಿಲ್ಲ.

ಹಂಚು ಹೊದಿಸುವ ಕೆಲಸಕ್ಕೆ ಸಮಯ ಕೊಡಿ. ಹಿಟ್ಟನ್ನು 2 ಮಿ.ಮೀ.ಗೆ ಲಟ್ಟಿಸಿ, 2 ಸೆಂ.ಮೀ. ಉದ್ದ, ಒಂದೂವರೆ ಸೆಂ.ಮೀ. ಅಗಲದ ತುಂಡುಗಳಾಗಿ ಕತ್ತರಿಸಿ, ಹಸಿಯಿರುವಾಗಲೇ ಪ್ರತಿಯೊಂದರ ಮೇಲೂ ಉದ್ದಕ್ಕೆ ಎರಡು ಗೀರನ್ನು ಚಮಚದ ಹಿಡಿಯಿಂದ ಒತ್ತಿ. ಏಳೆಂಟು ನಿಮಿಷಕ್ಕೆ ಬೇಯುತ್ತವೆ, ಕಣ್ಣು ತಪ್ಪಿದರೆ ಸೀಯುತ್ತವೆ. ನಾಲ್ಕಾರು ಹಂಚು ಹೆಚ್ಚು ಸೀದು ಕಪ್ಪಾದರೆ ಎಸೆಯಬೇಡಿ. ಹಳೇ ಮಾಡಿನಲ್ಲಿ ಪಾಚಿ ಹಿಡಿದ, ಹೊಗೆ ತಾಗಿದ ಹಂಚು ಇದ್ದೇ ಇರುತ್ತದೆ, ಅವನ್ನು ಅಡುಗೆಮನೆಯ ಮೇಲ್ಭಾಗಕ್ಕೆ ಇಡಿ. ಹೊದಿಸುವುದು ನಿಜವಾದ ಹಂಚಿನ ಹಾಗೆಯೇ: ಕೆಳಗಿನ ಸಾಲು ಮೊದಲು, ಮೇಲಿನ ಸಾಲು ಕೆಳಗಿನದರ ಮೇಲೆ ಅರ್ಧ ಸೆಂ.ಮೀ. ಕೂರಬೇಕು. ಮಾಡಿನ ಹಲಗೆಯನ್ನು ಮೇಜಿನ ಮೇಲೆ ಮಲಗಿಸಿಕೊಂಡೇ ಹೊದಿಸಿ ಒಣಗಿಸಿ, ನೆತ್ತಿಯ ಸಾಲು ಮಾತ್ರ ಬಿಡಿ. ಎರಡೂ ಮಾಡು ಏರಿಸಿದ ನಂತರ ನೆತ್ತಿಯ ಸೀಳನ್ನು ಐಸಿಂಗಿನಿಂದ ತುಂಬಿ, ಮೇಲೆ ಬಾಗಿದ ಹಂಚು ಕೂರಿಸಿ. ಬಾಗಿದ ಹಂಚಿಗೆ ಓವನ್ನಿನಿಂದ ತೆಗೆದ ಬಿಸಿ ತುಂಡನ್ನು ಸ್ಟೀಲಿನ ಚಮಚದ ಹಿಡಿಯ ಮೇಲೆ ಹಾಕಿ ಒಂದು ನಿಮಿಷ ಒತ್ತಿ ಹಿಡಿದರಾಯಿತು.

ಅಂಗಳಕ್ಕೆ ತುಳಸಿಕಟ್ಟೆ, ದಣಪೆ (ಬೇಲಿಯ ಗೇಟು), ಅಡಿಕೆ ಒಣಗಿಸುವ ಅಟ್ಟ ಇವೆಲ್ಲ ಮಕ್ಕಳಿಗೆ ಬಿಡಿ.

ಈಗ ನನಗೆ ಬಹಳ ಇಷ್ಟದ ಭಾಗ, ಕಾವಿ ಕಲೆ. ಶಿರಸಿಯ ಮಾರಿಕಾಂಬಾ ದೇವಸ್ಥಾನದ ಗೋಡೆಗಳ ಮೇಲೆ ಬಿಳಿ ಮೈಯಲ್ಲಿ ಕೆಂಪು ಚಿತ್ತಾರಗಳನ್ನು ನೀವು ನೋಡಿರುತ್ತೀರಿ. ಗೋವಾದಿಂದ ನಮ್ಮ ಕರಾವಳಿಯವರೆಗೆ ಇರುವ ಕಲೆ ಇದು. ಕಡಲ ಚಿಪ್ಪು ಸುಟ್ಟ ಸುಣ್ಣಕ್ಕೆ ಮರಳು, ಬೆಲ್ಲ ಸೇರಿಸಿ ಹದಗೊಳಿಸಿ ಗೋಡೆಗೆ ಬಿಳಿ ಗಾರೆ ಹಚ್ಚುತ್ತಿದ್ದರು. ಅದರ ಮೇಲೆ ಕೆಮ್ಮಣ್ಣಿನ ತೆಳು ಪದರ. ಅದು ಹಸಿಯಿರುವಾಗಲೇ ಚೂಪಾದ ಉಪಕರಣದಿಂದ ಕೆರೆದರೆ ಒಳಗಿನ ಬಿಳಿ ಎದ್ದು ಚಿತ್ರವಾಗುತ್ತಿತ್ತು. ಈ ಕ್ರಮವನ್ನು ಐಸಿಂಗಿಗೆ ಹಾಗೆಯೇ ಇಳಿಸಬಹುದು. ಗೋಡೆಯ ಹಲಗೆಯನ್ನು ಮಲಗಿಸಿ ಬಿಳಿ ರಾಯಲ್ ಐಸಿಂಗನ್ನು (ಮೊಟ್ಟೆಯ ಬಿಳಿ, ಐಸಿಂಗ್ ಸಕ್ಕರೆಯ ಲೇಪ; ಅಳತೆ ಮುಂದೆ ಇದೆ) ಸ್ವಲ್ಪ ತೆಳು ಮಾಡಿ ಹರಡಿ, ಫ್ಯಾನಿನ ಕೆಳಗೆ ಒಂದು ಹಗಲು ಒಂದು ರಾತ್ರಿ ಒಣಗಿಸಿ. ಉಗುರು ತಾಗಿಸಿದರೆ ಗುರುತು ಬೀಳಬಾರದು. ಮತ್ತೊಂದು ಬಟ್ಟಲಲ್ಲಿ ಸ್ವಲ್ಪ ಐಸಿಂಗಿಗೆ ಕೋಕೋ ಪುಡಿ, ಕೆಂಪು ಜೆಲ್ ಬಣ್ಣ ಸೇರಿಸಿ ಕೆಮ್ಮಣ್ಣಿನ ಬಣ್ಣಕ್ಕೆ ತನ್ನಿ. ಚಪ್ಪಟೆ ಬ್ರಷ್ಷಿನಿಂದ ಒಂದೇ ಎಳೆತಕ್ಕೆ ತೆಳ್ಳಗೆ ಬಳಿಯಿರಿ. ಬಳಿದಲ್ಲೇ ಮತ್ತೆ ಬ್ರಷ್ ಆಡಿಸಿದರೆ ಕೆಳಗಿನ ಬಿಳಿ ಕರಗಿ ಎಲ್ಲವೂ ಗುಲಾಬಿಯಾಗುತ್ತದೆ. ಮೇಲ್ಮೈಯ ಹೊಳಪು ಮಾಯವಾಗುವುದನ್ನು ಕಾದು, ಅದು ಗಟ್ಟಿಯಾಗುವ ಮೊದಲೇ ದಪ್ಪ ಸೂಜಿಯಿಂದ ಕೆರೆಯಿರಿ. ಕೆಂಪು ಪುಡಿ ಸಣ್ಣ ಸುರುಳಿಯಾಗಿ ಏಳುತ್ತಾ ಕೆಳಗಿನ ಬಿಳಿ ಗೆರೆ ತೆರೆದುಕೊಳ್ಳುತ್ತದೆ. ಬಳ್ಳಿ, ಹೂವು, ಅಂಚಿನ ಸಾಲುಗಳಿಂದ ಶುರು ಮಾಡಿ. ಕೆರೆದ ಪುಡಿಯನ್ನು ಊದಬೇಡಿ, ಉಸಿರಿನ ತೇವ ತಾಗುತ್ತದೆ; ಒಣ ಬ್ರಷ್ಷಿನಿಂದ ಸರಿಸಿ.

ಗೋವಾ ಕಡೆಯ ಮನೆಗೆ ಮುಖ್ಯವಾದದ್ದು ಕಿಟಕಿ. ಅಲ್ಲಿನ ಹಳೇ ಮನೆಗಳಲ್ಲಿ ಗಾಜಿನ ಬದಲು ಕಪ್ಪೆಚಿಪ್ಪಿನ ತೆಳು ಹಾಳೆಗಳನ್ನು ಮರದ ಚೌಕಟ್ಟಿಗೆ ಕೂರಿಸುತ್ತಿದ್ದರು. ಬಿಸ್ಕತ್ತಿನಲ್ಲಿ ಕಿಟಕಿ ಕೊರೆದು, ಬೆಂದ ಮೇಲೆ ಆ ತೆರವಿಗೆ ಕರಗಿಸಿದ ಐಸೊಮಾಲ್ಟ್ (ಸಕ್ಕರೆಯಿಂದ ಮಾಡುವ, ತಣಿದಾಗ ಗಾಜಿನಂತೆ ಬಿಗಿಯುವ ಸಿಹಿವಸ್ತು) ಸುರಿದರೆ ಮಬ್ಬು ಬೆಳಕಿನ ಅದೇ ಹಾಳೆ ಸಿಗುತ್ತದೆ. ಐಸೊಮಾಲ್ಟ್ ಬೇಕಿಂಗ್ ಸಾಮಾನಿನ ಅಂಗಡಿಗಳಲ್ಲಿ, ಆನ್‌ಲೈನಿನಲ್ಲಿ ಸಿಗುತ್ತದೆ. ಸಕ್ಕರೆಗಿಂತ ತೇವ ಎಳೆಯುವುದು ಕಡಿಮೆ, ಹಾಗಾಗಿ ಕಾರವಾರಕ್ಕೆ ಅದೇ ಸರಿ. ಮುಂದೆ ಕೂರುವ ಕಟ್ಟೆಯಿರುವ ಮೊಗಸಾಲೆ, ಗೋಡೆಗೆ ಹಳದಿ ಅಥವಾ ನೀಲಿ, ಅಂಚಿಗೆ ಬಿಳಿ. ಇಷ್ಟು ಸಾಕು.

ಮಿರ್ಜಾನ ಕೋಟೆ ಮಕ್ಕಳಿಗೆ ಹೇಳಿ ಮಾಡಿಸಿದ್ದು. ಚಿರೇಕಲ್ಲಿನ ಬಣ್ಣ ಮತ್ತು ಬೆಂದ ಜಿಂಜರ್‌ಬ್ರೆಡ್ಡಿನ ಬಣ್ಣ ಎರಡೂ ಒಂದೇ. ಬೇಯಿಸುವ ಮೊದಲು ಕಲ್ಲಿನ ಸಾಲುಗಳನ್ನು ಚಾಕುವಿನ ಹಿಂಬದಿಯಿಂದ ಗೀರಿ, ಚುಚ್ಚಿ ಚುಚ್ಚಿ ರಂಧ್ರ ಮಾಡಿ. ದುಂಡು ಬುರುಜಿಗೆ ಎಣ್ಣೆ ಸವರಿದ ಸ್ಟೀಲಿನ ಡಬ್ಬಿಗೆ ಬೇಕಿಂಗ್ ಪೇಪರ್ ಸುತ್ತಿ, ಅದರ ಮೇಲೆ ಹಿಟ್ಟು ಸುತ್ತಿ ಮಲಗಿಸಿ ಬೇಯಿಸಿ. ಮಾಡೇ ಇಲ್ಲದ್ದರಿಂದ ಕುಸಿಯುವ ಭಯವೂ ಇಲ್ಲ.

ಮುಂಡಗೋಡದ ಟಿಬೆಟನ್ ವಿಹಾರಗಳ ಮಾದರಿಯೂ ಬಿಸ್ಕತ್ತಿಗೆ ಹೊಂದುತ್ತದೆ. ಟಿಬೆಟ್ಟಿನ ಕಟ್ಟಡಗಳಲ್ಲಿ ಗೋಡೆ ಮೇಲೇರಿದಂತೆ ತುಸು ಒಳಕ್ಕೆ ವಾಲುತ್ತದೆ, ಕಿಟಕಿಯ ಕಪ್ಪು ಚೌಕಟ್ಟು ಕೆಳಗೆ ಅಗಲ ಮೇಲೆ ಕಿರಿದು, ಚಾವಣಿಯಂಚಿನಲ್ಲಿ ಕಡುಗೆಂಪು ಪಟ್ಟಿ. ಒಳಕ್ಕೆ ವಾಲಿದ ಗೋಡೆಗಳು ಒಂದಕ್ಕೊಂದು ಒರಗಿ ನಿಲ್ಲುತ್ತವೆ, ಚಪ್ಪಟೆ ಚಾವಣಿ ಜಾರುವುದಿಲ್ಲ. ಜರ್ಮನರ ಮರದ ಅಡ್ಡಪಟ್ಟಿಯ ಮನೆ ಬೇಕೆಂದರೆ ಬಿಳಿ ಐಸಿಂಗಿನ ಗೋಡೆಯ ಮೇಲೆ ಕೋಕೋ ಹಿಟ್ಟಿನ ಪಟ್ಟಿ ಅಂಟಿಸಿ, ಬೇರೇನೂ ಬೇಕಿಲ್ಲ.

ಮೊಟ್ಟೆಯ ಪ್ರಶ್ನೆಗೆ ಬರೋಣ. ರಾಯಲ್ ಐಸಿಂಗ್ ಎಂದರೆ ಒಂದು ಮೊಟ್ಟೆಯ ಬಿಳಿಗೆ ಸುಮಾರು 200 ಗ್ರಾಂ ಐಸಿಂಗ್ ಸಕ್ಕರೆ, ಕೆಲವು ಹನಿ ನಿಂಬೆರಸ. ಮಕ್ಕಳು ತಿನ್ನುವುದಾದರೆ ಹಸಿ ಮೊಟ್ಟೆಯ ಬದಲು ಮೆರಾಂಗ್ ಪುಡಿ ಬಳಸಿ. ಅದೂ ಮೊಟ್ಟೆಯದೇ, ಆದರೆ ಬಿಸಿ ಮಾಡಿ ಸುರಕ್ಷಿತಗೊಳಿಸಿದ್ದು. ಮೊಟ್ಟೆ ಬೇಡವೇ ಬೇಡ ಎನ್ನುವವರಿಗೆ ಕಾಬೂಲಿ ಕಡಲೆ ಬೇಯಿಸಿದ ನೀರನ್ನು ಅರ್ಧಕ್ಕೆ ಇಂಗಿಸಿ, ತಣಿಸಿ, ಮೊಟ್ಟೆಯ ಬಿಳಿಯ ಹಾಗೆ ನೊರೆ ಬರಿಸಿದರೆ ಐಸಿಂಗ್ ಆಗುತ್ತದೆ. ಚಿತ್ತಾರಕ್ಕೆ, ಹಂಚು ಅಂಟಿಸಲಿಕ್ಕೆ ಅದು ಸಾಕು, ಗೋಡೆ ಹಿಡಿಯುವ ಬಲ ಅದಕ್ಕಿಲ್ಲ. ಗೋಡೆ ಮೂಲೆಗಳಿಗೆ ಐಸೊಮಾಲ್ಟ್ ಅಥವಾ ಕರಗಿಸಿದ ಸಕ್ಕರೆಯೇ ಬೇಕು. ಅದು ಕ್ಷಣದಲ್ಲಿ ಬಿಗಿಯುತ್ತದೆ. ಕುದಿಯುವ ಎಣ್ಣೆಗಿಂತ ಕಡಿಮೆಯಿಲ್ಲದ ಬಿಸಿ, ಚರ್ಮಕ್ಕೆ ಅಂಟಿದರೆ ಬಿಡುವುದಿಲ್ಲ, ಆ ಹೊತ್ತಿಗೆ ಮಕ್ಕಳು ಮೇಜಿನ ಬಳಿ ಇರಕೂಡದು. ಕಾಂಪೌಂಡ್ ಚಾಕೊಲೇಟಿನಿಂದಲೂ ಅಂಟಿಸುತ್ತಾರೆ, ಆದರೆ ಕಾರವಾರದ ಮಧ್ಯಾಹ್ನದ ಸೆಖೆಗೆ ಅದು ಮೆತ್ತಗಾಗುವುದರಿಂದ ಭಾರ ಹೊರುವಲ್ಲಿ ಬೇಡ.

ಗೋಡೆ ನಿಲ್ಲಿಸಿದ ಮೇಲೆ ಒಳಗೂ ಹೊರಗೂ ಡಬ್ಬಿಗಳ ಆಸರೆ ಕೊಟ್ಟು ನಾಲ್ಕು ಗಂಟೆಯಾದರೂ ಬಿಡಿ, ಮಾಡು ಮರುದಿನ ಏರಿಸಿ. ಮಾಡು ಏರಿಸಿದಾಗ ಕೆಳ ಅಂಚಿಗೆ ಸರಿಯೆತ್ತರದ ಲೋಟಗಳನ್ನು ಒತ್ತು ಕೊಟ್ಟರೆ ಜಾರುವುದಿಲ್ಲ. ಕಟ್ಟಿ ಮುಗಿದದ್ದನ್ನು ಫ್ರಿಜ್ಜಿನಲ್ಲಿ ಇಡಲೇಬೇಡಿ. ಹೊರತೆಗೆದ ಕೂಡಲೇ ಮೈಯೆಲ್ಲ ಬೆವರುತ್ತದೆ. ಕಿಟಕಿ ಮುಚ್ಚಿದ ಕೋಣೆ, ಇದ್ದರೆ ಎಸಿ, ರಾತ್ರಿ ಮೇಲೊಂದು ದೊಡ್ಡ ಪ್ಲಾಸ್ಟಿಕ್ ಡಬ್ಬ ಕವುಚಿಡಿ. ಇರುವೆಗೆ ಮೇಜಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ನಿಲ್ಲಿಸುವ ಹಳೇ ಉಪಾಯವೇ ಸಾಕು. ಹೀಗೆ ಜೋಪಾನ ಮಾಡಿದರೂ ತಿನ್ನುವುದಾದರೆ ನಾಲ್ಕೈದು ದಿನದೊಳಗೆ ತಿಂದುಬಿಡಿ.

ಮಾರಾಟದ ವಿಷಯ. ಕಟ್ಟಿದ ಮನೆಯನ್ನು ಮಾರಬೇಡಿ ಎಂದು ನನ್ನ ಸಲಹೆ. ಅಂಕೋಲಾ, ಕುಮಟಾದ ಕಡೆ ಬಸ್ಸಿನಲ್ಲೋ ಸ್ಕೂಟರಿನಲ್ಲೋ ಸಾಗಿಸುವಾಗ ಒಂದು ಮೂಲೆ ಬಿಟ್ಟರೂ ಗಿರಾಕಿ ನಿಮ್ಮನ್ನೇ ಕೇಳುತ್ತಾರೆ, ತೇವದಲ್ಲಿ ಅವರ ಮನೆಯಲ್ಲಿ ಕುಸಿದರೂ ಹೊಣೆ ನಿಮ್ಮದೇ ಆಗುತ್ತದೆ. ಬದಲಿಗೆ ಚೆನ್ನಾಗಿ ಒಣಗಿಸಿದ ಹಲಗೆಗಳು, ಹಂಚಿನ ಮನೆಯಾದರೆ ಎಣಿಸಿಟ್ಟ ಹಂಚು ಮತ್ತು ದಾಲ್ಚಿನ್ನಿ ಕಂಬ, ಐಸಿಂಗ್ ಪುಡಿಯ ಪೊಟ್ಟಣ, ಕಟ್ಟುವ ಕ್ರಮ ಬರೆದ ಒಂದು ಹಾಳೆ ಇಷ್ಟನ್ನು ಗಾಳಿಯಾಡದಂತೆ ಸೀಲ್ ಮಾಡಿ, ಪೆಟ್ಟಿಗೆಯಲ್ಲಿ ಚಪ್ಪಟೆಯಾಗಿ ಜೋಡಿಸಿ ಕೊಡಿ. ಮೆರಾಂಗ್ ಪುಡಿ ಇದ್ದರೆ ಮೊಟ್ಟೆಯಿದೆ ಎಂದು, ಮೈದಾ ಮತ್ತು ಬೆಣ್ಣೆ ಇದೆ ಎಂದು ಹೊರಗೆ ಕಾಣುವಂತೆ ಬರೆಯಿರಿ. ಪ್ರತಿ ಪೆಟ್ಟಿಗೆಗೂ ಒಂದು ಹಿಂದಿನ ಗೋಡೆ, ಹಂಚಿನ ಮನೆಯಾದರೆ ಎಂಟು ಹತ್ತು ಹಂಚು ಹೆಚ್ಚಿಗೆ ಹಾಕಿ. ದಾರಿಯಲ್ಲಿ ಒಡೆಯುವುದು ಹೆಚ್ಚಾಗಿ ಅವೇ. ಮೊದಲ ವರ್ಷ ಭಟ್ಕಳದ ಚಪ್ಪಡಿ ಮಾಡಿನ ಮಾದರಿ ಒಂದನ್ನೇ ಮಾರಿ. ಹಂಚಿನ ಮನೆಯನ್ನು ಈ ಸಲ ನಿಮ್ಮ ವಠಾರದ ಮಕ್ಕಳಿಗಾಗಿ ಕಟ್ಟಿ, ಎಷ್ಟು ಹೊತ್ತು ಹಿಡಿಯಿತು ಎಂದು ಬರೆದಿಟ್ಟುಕೊಳ್ಳಿ. ಅದರ ಬೆಲೆ ಕಟ್ಟಲು ಮುಂದಿನ ವರ್ಷ ಆ ಲೆಕ್ಕ ಬೇಕಾಗುತ್ತದೆ.